ಆರಬಾರದ ಕಾಲು

"ಕಿಟಕಿ ಇಳಿಸ್ಬ್ಯಾಡ ಕಣ್ಲಾ, ಆರೋಯ್ತದ!" ಹಿಂದಿನ ಸೀಟಿನಿಂದ ಚನ್ನಾಜಮ್ಮ ಕೂಗಿದಳು.

ಕಲ್ಹಟ್ಟಿ ಘಾಟಿಯ ತಿರುವಿನಲ್ಲಿ ಜೀಪನ್ನು ಮೊದಲ ಗೇರಿಗೆ ತಂದ ಮಗ ನಂಜುಂಡೇಶ ಹಣೆಯ ಬೆವರನ್ನು ತೋಳಿಗೆ ಒರೆಸಿಕೊಂಡ. "ಅವ್ವಾ, ನಾನೇ ಬೆಂದೋಯ್ತಾ ಇವ್ನಿ."

"ನೀ ಬೇಯಿ. ನಿನ್ನೆಂಡ್ತಿ ಕಾಲು ಆರ್ಬಾರ್ದು."

ಎರಡು ಸ್ವೆಟರು, ಕಂಬಳಿ, ಮಫ್ಲರುಗಳ ನಡುವೆ ವೀಣಾಳ ಮೂಗು ಮಾತ್ರ ಹೊರಗಿತ್ತು. ತೊಡೆಯ ಮೇಲೆ ಮೆಣಸಿನ ಸಾರಿನ ಫ್ಲಾಸ್ಕು. ಮಸಿನಗುಡಿಯ ಅವರ ಮೆಸ್ಸಿನಿಂದ ರೆಸಾರ್ಟುಗಳಿಗೆ ಹಾಟ್‌ಬಾಕ್ಸಿನಲ್ಲಿ ಅನ್ನ ಹೋಗುವುದು ಹೀಗೆಯೇ: ಕೆಳಗೊಂದು ಟವೆಲು, ಮೇಲೊಂದು ಟವೆಲು, ದಾರಿಯಲ್ಲಿ ಯಾರೂ ಮುಚ್ಚಳ ತೆಗೆಯಕೂಡದು.

ಕಳೆದ ಬೇಸಗೆಯಿಂದ ವೀಣಾಳ ಎಡಗಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಒಲೆಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಪಾದ ಮರಗಟ್ಟುತ್ತಿತ್ತು, ನಡೆದರೆ ನೆಲ ಸವರುತ್ತಿತ್ತು. ಆದರೆ ಊಟಿಯ ಆಸ್ಪತ್ರೆಗೆ ಹೊರಟರೆ, ಘಾಟಿಯ ತಂಪು ಗಾಳಿ ಬಡಿದಂತೆಲ್ಲ ಕಾಲು ಸರಿಹೋಗಿ, ನರದ ಡಾಕ್ಟರ ಮುಂದೆ ಅವಳು ಕವಾಯತಿನ ಪೊಲೀಸಿನಂತೆ ನೆಟ್ಟಗೆ ನಡೆದುಬಿಡುತ್ತಿದ್ದಳು. ಹೋದ ಸಲ ಡಾಕ್ಟರ್ ಸುಧಾಕರನ್ ಕಾಲನ್ನು ಬಿಟ್ಟು ಅವಳ ನಿದ್ದೆಯ ಬಗ್ಗೆ, ಮನೆಯ ಜಗಳಗಳ ಬಗ್ಗೆ ಮೆಲ್ಲಗೆ ಕೇಳಿದ್ದರು. ಆ ಮೆಲುದನಿಯೇ ಅವಳನ್ನು ಚುಚ್ಚಿದ್ದು. ಈಚೀಚೆಗೆ ತನ್ನ ಕಾಲಿನ ಮೇಲೆ ಅವಳಿಗೇ ಅನುಮಾನ ಬರತೊಡಗಿತ್ತು. ಡಾಕ್ಟರು ಒಂದೇ ಒಂದು ಸಲ ಕಣ್ಣಾರೆ ನೋಡಿದರೆ ಸಾಕಿತ್ತು.

"ಒಲೆ ಕಂಡ್ರ ಸಾಯ್ತದ, ಊಟಿ ಕಂಡ್ರ ಬದುಕ್ತದ. ಎಂಥಾ ಕಾಲವ್ವ ನಿಂದು!" ಎಂದು ಅತ್ತೆ ಗಿರಾಕಿಗಳ ಮುಂದೆಯೇ ಹಂಗಿಸುತ್ತಿದ್ದಳು. ಮೊನ್ನೆ ಒಲೆಯಿಂದ ಜಾರಿದ ಕೆಂಡವೊಂದು ವೀಣಾಳ ಎಡಚಪ್ಪಲಿಯ ಅಂಚು ಕರಗಿಸುತ್ತಿದ್ದರೂ ಅವಳು ಚಪಾತಿ ಲಟ್ಟಿಸುತ್ತ ರೆಸಾರ್ಟಿನ ಮ್ಯಾನೇಜರನನ್ನು ಬೈಯುತ್ತಲೇ ಇದ್ದಳು. ರಬ್ಬರಿನ ವಾಸನೆಗೆ ಓಡಿಬಂದವಳು ಚನ್ನಾಜಮ್ಮ. ಅವತ್ತು ಅವಳು ಯಾರನ್ನೂ ಹಂಗಿಸಲಿಲ್ಲ. ಮರುದಿನ ಹಾಟ್‌ಬಾಕ್ಸಿನ ಮುಚ್ಚಳ ಒತ್ತುತ್ತ ಇದ್ದಕ್ಕಿದ್ದಂತೆ ನಿಂತು, ಸೊಸೆಯ ಕಾಲನ್ನು ನೋಡಿ, "ಇದ್ನ ಅಲ್ಲಿಗಂಟ ಬಿಸಿಯಾಗೇ ತಕ್ಕೊಂಡೋದ್ರ?" ಎಂದಳು.

ಆಸ್ಪತ್ರೆಯ ವರಾಂಡ ಕೊರೆಯುತ್ತಿತ್ತು. ನಂಜುಂಡೇಶ ಟೋಕನ್ ಹಿಡಿದು ಅಲ್ಲೇ ಕೂತ. ಅತ್ತೆ ಸೊಸೆಯನ್ನು ಎದುರಿನ ಟೀ ಅಂಗಡಿಗೆ ನಡೆಸಿ, ಬಜ್ಜಿ ಬಾಣಲೆಯ ಪಕ್ಕಕ್ಕೇ ಕೂರಿಸಿದಳು.

"ಎನ್ನಮ್ಮಾ, ಕುಳಿರಾ?" ಅಂಗಡಿಯ ಧರ್ಮಲಿಂಗಂ ಕೇಳಿದ.

"ಚಳಿ ಇಲ್ಲಪ್ಪ, ಬಿಸಿ ಸಾಲ್ದು. ಸ್ಟವ್ ಜೋರು ಮಾಡು," ಎಂದಳು ಅತ್ತೆ.

ಅವನು ಇಬ್ಬರ ಮುಖವನ್ನೂ ನೋಡಿ, ಜೋರು ಮಾಡಿ, ಕೇಳದೆಯೇ ಒಂದು ತಟ್ಟೆ ಬಜ್ಜಿ ಇಟ್ಟ.

"ಅತ್ತೆ, ಬಂತು ಅನ್ಸುತ್ತೆ," ವೀಣಾ ಪಿಸುಗುಟ್ಟಿದಳು. "ಕಾಲ್ಬೆರಳು ಹೋಯ್ತು."

"ಭದ್ರವಾಗಿಟ್ಕೊ!"

ಸರದಿ ಬಂತೆಂದು ಗೇಟಿನಿಂದ ನಂಜುಂಡೇಶ ಶಿಳ್ಳೆ ಹಾಕಿದ. ಚನ್ನಾಜಮ್ಮ ಗಾಳಿ ಬರುವ ಕಡೆಗೆ ತನ್ನ ಬೆನ್ನು ಕೊಟ್ಟು, ಕಂಬಳಿಯನ್ನು ಅವುಚಿ ಹಿಡಿದು ಸೊಸೆಯನ್ನು ರಸ್ತೆ ದಾಟಿಸಿದಳು. ವರಾಂಡದ ನಡುವೆ ವೀಣಾಳ ಎಡಚಪ್ಪಲಿ ಕಳಚಿ ಹಿಂದೆಯೇ ಉಳಿಯಿತು. ಅವಳಿಗೆ ಗೊತ್ತಾಗಲಿಲ್ಲ. ಪಾದ ನೆಲವನ್ನು ಸವರುವ ಸದ್ದು ಮಾತ್ರ ಕೇಳಿಸಿತು, ಮತ್ತು ಅವಳಿಗೆ ನಗು ತಡೆಯಲಾಗಲಿಲ್ಲ.

ಡಾಕ್ಟರು ನಡೆಸಿದರು, ಮಂಡಿಗೆ ತಟ್ಟಿದರು, ಅಂಗಾಲಿನ ಮೇಲೆ ಬೀಗದ ಕೈಯಿಂದ ಗೆರೆ ಎಳೆದರು. ಕೆಳಕ್ಕೆ ಮಡಿಯಬೇಕಿದ್ದ ಹೆಬ್ಬೆರಳು ತಾನಾಗಿ ಮೇಲೆದ್ದಿತು.

"ಬ್ಯಾಗ ನೋಡ್ಕಳಿ ಸಾ, ಆರೋಯ್ತದ!" ಎಂದಳು ಚನ್ನಾಜಮ್ಮ.

ಡಾಕ್ಟರು ಕಂಬಳಿಯನ್ನು ನೋಡಿದರು, ಬಜ್ಜಿಯ ಎಣ್ಣೆಯ ವಾಸನೆ ಹಿಡಿದರು. ಅರ್ಥವಾದದ್ದೇ ಜೋರಾಗಿ ನಕ್ಕರು. "ಹಿಂದೆ ಡಾಕ್ಟರುಗಳೇ ಪೇಷೆಂಟನ್ನ ಬಿಸಿನೀರಲ್ಲಿ ಕೂರಿಸಿ, ನರ ಸೋಲುತ್ತಾ ಅಂತ ನೋಡ್ತಿದ್ರು ಮಾ. ಇನ್ನೊಂದು ಸಲ ಮಾತ್ರ ಬೇಯಿಸ್ಬೇಡಿ." ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು. "ರೋಗದಿಂದ ಮೈ ಕಾಪಾಡೋ ಶಕ್ತಿಯೇ ದಾರಿ ತಪ್ಪಿ ನರಕ್ಕೆ ಹೊಡೀತಿರಬಹುದು. ಇರಬಹುದು, ಅಷ್ಟೇ. ಸ್ಕ್ಯಾನ್ ಮಾಡೋಣ, ಬೆನ್ನಿನ ನೀರು ತೆಗೆದು ನೋಡೋಣ. ಆಗ್ಲೂ ಕಾಯಿಲೆಗೆ ಹೆಸರು ಸಿಗದೇ ಇರಬಹುದು."

"ಆದ್ರೆ ಕಾಲು ಕಂಡ್ರಲ್ಲ ಸಾರ್?" ವೀಣಾ ಕೇಳಿದಳು.

"ಕಂಡೆ ಮಾ."

ಘಾಟಿ ಇಳಿಯುವಾಗ ಜೀಪಿನ ಕಿಟಕಿಗಳೆಲ್ಲ ತೆರೆದಿದ್ದವು. ಗಾಳಿಯ ಮೇಲೆ ಕೂಗಿ ಕೂಗಿ ಚನ್ನಾಜಮ್ಮ ತೀರ್ಮಾನ ಹೇಳಿದಳು: "ನಾಳಿಂದ ಒಲೆ ನಂದು. ನೀ ತರಕಾರಿ ಹೆಚ್ಚು. ಬೀನ್ಸ್‌ನ ಸೌದೆ ಹಂಗ ಹೆಚ್ಬ್ಯಾಡ ಮತ್ತ!"

"ನೀವು ಸಾರಿಗೆ ಉಪ್ಪು ಹಾಕೋದ್ ಮರೀಬೇಡಿ ಮತ್ತೆ!"

ಮಸಿನಗುಡಿಯ ಬಿಸಿಲು ಜೀಪಿನೊಳಕ್ಕೆ ಬಂತು. ಮೆಸ್ಸಿನ ಮುಂದೆ ಚನ್ನಾಜಮ್ಮ ಮೊದಲು ಇಳಿದು, ಆಸ್ಪತ್ರೆಯ ವರಾಂಡದಲ್ಲಿ ಎತ್ತಿಕೊಂಡಿದ್ದ ಅಂಚು ಕರಗಿದ ಚಪ್ಪಲಿಯನ್ನು ಚೀಲದಿಂದ ತೆಗೆದು ನೆಲದ ಮೇಲೆ ನೇರ ಮಾಡಿಟ್ಟಳು. ಆಮೇಲೆ ಸೊಸೆಯ ಎಡಕ್ಕೆ ಬಂದು, ಒಂದು ಹೆಗಲನ್ನು ಅವಳ ಕೈಗೆ ಎಟಕುವಷ್ಟು ತಗ್ಗಿಸಿ, ಬಸ್ಸಿಗೆ ಕಾಯುವವಳಂತೆ ರಸ್ತೆಯ ಆ ತುದಿಯನ್ನು ನೋಡುತ್ತ ನಿಂತಳು.