ಒಂದೇ ಬುಟ್ಟಿಯ ಎರಡು ವಂಶ

"ನಮ್ಮತ್ತೆ ತಿಂದವ್ರೆ, ಅವರತ್ತೆ ತಿಂದವ್ರೆ. ಹುತ್ತದ ಅಣಬೆ ತಿಂದು ಸತ್ತೋರ್ನ ನಾನಂತೂ ಕಂಡಿಲ್ಲ ಕಣವ್ವ."

ಕುಳ್ಳಮ್ಮ ಹೀಗೆ ಹೇಳಿದ್ದು ಸೊಸೆ ಮಧುಶ್ರೀಗೆ. ಆರು ತಿಂಗಳ ಹಿಂದೆ ಮದುವೆಯಾಗಿ ಬಂದ ಮಧುಶ್ರೀ ಅಂತರಸಂತೆ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಅವರಿಬ್ಬರ ನಡುವೆ ಬುಟ್ಟಿಯ ತುಂಬ ಬಿಳೀ ಛತ್ರಿಗಳು. ಪಕ್ಕದಲ್ಲಿ ಕಾಲು ಚಾಚಿ ಕೂತವಳು ಕುಳ್ಳಮ್ಮನ ಮಗಳು ರಮ್ಯಶ್ರೀ, ಏಳು ತಿಂಗಳ ಬಸುರಿ. ಮೂರು ದಿನದಿಂದ ಅಣಬೆ ಸಾರು, ಅಣಬೆ ಸಾರು ಅಂತ ಒಂದೇ ಜಪ. ಪಕ್ಕದ ಮನೆಯವಳಾದ ನಾನು ಮಸಾಲೆ ರುಬ್ಬಿಕೊಡಲು ಬಂದಿದ್ದೆ. ರುಬ್ಬಿದ್ದಕ್ಕಿಂತ ಕಿವಿಗೊಟ್ಟದ್ದೇ ಹೆಚ್ಚು.

"ಹುತ್ತದ್ದೇ ಅಂತ ಹೆಂಗೆ ಹೇಳ್ತೀರಿ ಅತ್ತೆ?"

"ಹುತ್ತದ ಮಗ್ಗುಲಲ್ಲೇ ಎದ್ದಿದ್ವು. ಹೆಸ್ರು ಬರ್ಕೊಂಡಿರ್ತವಾ?"

"ಬೇರು ಎಲ್ಲಿ? ಹುತ್ತದ ಅಣಬೆಗೆ ಗೆದ್ದಲಗೂಡಿನವರೆಗೂ ಉದ್ದ ಬೇರು ಇಳಿದಿರುತ್ತೆ."

"ಅದು ನಾಗಪ್ಪನ ಮನೆ. ಯಾರಾದ್ರೂ ಅಗೀತಾರಾ? ಕುಡುಗೋಲಲ್ಲಿ ಮೇಲ್ಮೇಲೆ ಕುಯ್ಕಂಡು ಬರೋದು ನಮ್ಮೋರ ಪದ್ಧತಿ."

ಮಧುಶ್ರೀ ಎಂಟು ಛತ್ರಿ ಆರಿಸಿ, ಅಡಿಯ ಪದರಗಳು ತಾಗುವಂತೆ ಒಂದೊಂದನ್ನು ಒಂದೊಂದು ಬಿಳಿ ಹಾಳೆಯ ಮೇಲಿಟ್ಟು ಬಟ್ಟಲು ಮುಚ್ಚಿದಳು. "ಸಂಜೆವರೆಗೆ ತಾಳಿ. ಬೀಜದಂಥ ಪುಡಿ ಉದುರುತ್ತೆ. ಅದರ ಬಣ್ಣ ನೋಡಿದ್ರೆ ಯಾವ ವಂಶ ಅನ್ನೋ ಸುಳಿವು ಸಿಗುತ್ತೆ."

"ಸಂಜೆಗಂಟ ನನ್ ಮಗು ಬಾಯಿ ಬಿಟ್ಕಂಡಿರ್ಬೇಕಾ ಅತ್ತಿಗೆ?" ಅಂದಳು ರಮ್ಯ.

"ಮಗು ಕಾಯುತ್ತೆ. ಅದರಮ್ಮನಿಗೇ ತಾಳ್ಮೆ ಇಲ್ಲ."

ಕುಳ್ಳಮ್ಮನ ಮುಖ ಗಂಟಾಯಿತು. "ನೋಡಕ್ಕೆ ಎಲ್ಲಾ ಒಂದೇ ಥರ ಅವೆ. ಇದ್ರಲ್ಲಿ ಯಾವ ವಂಶ?"

"ನನ್ನ ನೋಡೋಕೆ ಬಂದಾಗ ನಮ್ಮಪ್ಪನ್ನ ಮೊದ್ಲು ಏನು ಕೇಳಿದ್ರಿ ಅತ್ತೆ?"

"ಬೆಡಗು ಯಾವ್ದು, ಯಾವ ವಂಶದೋರು ಅಂತ. ಒಂದೇ ಬೆಡಗಾದ್ರೆ ಅಣ್ಣತಂಗಿ ಆಗೋಯ್ತೀರಲ್ಲ."

"ಮುಖ ನೋಡಿ ತಿಳೀತಿರಲಿಲ್ವಾ?"

"ಮುಖದಲ್ಲೇನೈತೆ? ನಿನ್ ಗಂಡನ ಮುಖ ಪಿರಿಯಾಪಟ್ಟಣದ ಬಸ್ ಕಂಡಕ್ಟರಂಗೇ ಐತೆ. ಅವ್ನು ನಮಗೇನಾಗ್ಬೇಕು?"

ನಾನು ರುಬ್ಬುವುದನ್ನು ಬಿಟ್ಟು ನಕ್ಕೆ. ಮಧುಶ್ರೀಗೂ ನಗು ತಡೆಯಲಾಗಲಿಲ್ಲ. "ಇವಕ್ಕೂ ಅಂಗೇ ಬೆಡಗು ಅವೆ ಅನ್ಕೊಳ್ಳಿ. ವಿಜ್ಞಾನಿಗಳು ಬರೀ ಛತ್ರಿ ನೋಡಿ ನಂಬಲ್ಲ. ಬೇರು, ಪುಡಿ, ಒಳಗಿನ ರಕ್ತಸಂಬಂಧ, ಎಲ್ಲಾ ವಿಚಾರಿಸಿಯೇ ಯಾವ ಮನೆಗೆ ಸೇರಿದ್ದು ಅಂತಾರೆ. ಮನೆತನ ತಿಳಿದ್ರೆ ಗುಣನೂ ಅರ್ಧ ತಿಳಿದಂಗೆ."

ಮಧ್ಯಾಹ್ನವೆಲ್ಲ ಕುಳ್ಳಮ್ಮ ಏನಾದರೊಂದು ನೆಪ ಮಾಡಿಕೊಂಡು ಬಟ್ಟಲುಗಳ ಹತ್ತಿರ ಸುಳಿದಾಡಿದಳು. ಮುಟ್ಟಲಿಲ್ಲ. ಐದು ಗಂಟೆಗೆ ಮಧುಶ್ರೀ ಬಟ್ಟಲು ಎತ್ತಿದಳು. ಆರು ಹಾಳೆಗಳಲ್ಲಿ ತಿಳಿ ಗುಲಾಬಿ ಪುಡಿ, ರಂಗೋಲಿಯ ಎಳೆಯಂತೆ. ಉಳಿದೆರಡರಲ್ಲಿ ಪಾಚಿ ಹಸಿರು.

"ಗುಲಾಬಿದು ಹುತ್ತದ್ದಿರ್ಬೇಕು. ಈ ಹಸಿರಿನದು ವಿಷದ ಜಾತಿ," ಮಧುಶ್ರೀಯ ದನಿ ತಗ್ಗಿತು. "ವಾಂತಿ ಭೇದಿ ನಿಲ್ಲೋದೇ ಇಲ್ಲ. ಬಸುರಿ ಹೆಂಗೆ ತಡ್ಕೋತಾಳೆ?"

ಕುಳ್ಳಮ್ಮ ಹಸಿರು ಬಿದ್ದ ಹಾಳೆಯನ್ನು ಹತ್ತಿರ ಎಳೆದುಕೊಂಡಳು. "ಹುತ್ತದಿಂದ ಈಚೆ ಹುಲ್ಲಲ್ಲೂ ಒಂದಷ್ಟು ಕುಯ್ದೆ. ಬೆಳ್ಳಗಿದ್ವು. ಅವೂ ಅವೇ ಅನ್ಕಂಡೆ."

"ಆ ಆರನ್ನಾದ್ರೂ ಮಾಡವ್ವ," ಅಂದಳು ರಮ್ಯ.

"ಸುಮ್ಕಿರು. ಎಲ್ಲಾ ಬೆರ್ತೋಗವೆ, ಯಾವ್ದನ್ನ ನಂಬ್ಲಿ?" ಅಂದವಳು ಕುಳ್ಳಮ್ಮನೇ. ಆಮೇಲೆ ಸೊಸೆಯ ಕಡೆ ತಿರುಗಿದಳು. "ನಾಳೀಕೆ ನನ್ ಜೊತೆ ಬಾ. ನಾಗಪ್ಪಂಗೆ ನಾನು ಕೈ ಮುಗೀತೀನಿ, ನೀನು ಅಗಿ."

"ಹುತ್ತ ಅಗೆದ ದೋಷ ನನಗಾ ಅತ್ತೆ?"

"ಅರ್ಧ ನಂಗಿರ್ಲಿ ಬುಡು."

ಕುಳ್ಳಮ್ಮ ಅಣಬೆಯನ್ನೆಲ್ಲ ಹಿತ್ತಿಲ ಗುಂಡಿಗೆ ಸುರಿದು ಮಣ್ಣೆಳೆದಳು. ಅವಳು ಕೈ ತೊಳೆಯುವಷ್ಟರಲ್ಲಿ ಕೆಂಪು ಹುಂಜ ಬಂದು ಅಲ್ಲೇ ಕೆದಕತೊಡಗಿತು. ರಮ್ಯ ಸೊಂಟದ ಮೇಲೆ ಕೈಯಿಟ್ಟು ಮೆಲ್ಲಗೆ ಎದ್ದು ಹೋಗಿ, ಅದನ್ನು ಅಟ್ಟಿ, ಮಣೆ ಎಳೆದುಕೊಂಡು ಗುಂಡಿಯ ಮೇಲೇ ಕೂತುಬಿಟ್ಟಳು.