ದೊಡ್ಡಮ್ಮನ ಒಂದೇ ಒಂದು ಇಂಗ್ಲಿಷ್ ಪದ

ನಮ್ಮ ದೊಡ್ಡಮ್ಮನ ಗಂಟಲು ಪಳಗಿದ್ದು ಲಾಂಡ್ರಿಯಲ್ಲಿ. ಹೋಟೆಲಿನ ನೆಲಮಾಳಿಗೆಯಲ್ಲಿ ಒಗೆಯುವ ಮೆಷಿನ್ನುಗಳು ಒಂದು ಕಡೆ, ಒಣಗಿಸುವ ಡ್ರಮ್ಮುಗಳು ಇನ್ನೊಂದು ಕಡೆ, ನಡುವೆ ಬೆಡ್‌ಶೀಟುಗಳನ್ನು ಇಸ್ತ್ರಿ ಮಾಡುವ ಉದ್ದನೆಯ ರೋಲರ್. ಎಲ್ಲ ಒಟ್ಟಿಗೆ ಶುರುವಾದರೆ ಪಕ್ಕದವಳು ಸೀನಿದ್ದೂ ಕೇಳಿಸುವುದಿಲ್ಲ. ಹಾಗಾಗಿ ನಾವು ಅಲ್ಲಿ ಪೂರ್ತಿ ವಾಕ್ಯ ಆಡುವ ಗೋಜಿಗೇ ಹೋಗುವುದಿಲ್ಲ. ಒಂದು ಪದ ಕೂಗುತ್ತೇವೆ, ಉಳಿದದ್ದನ್ನು ಕೈ ಹೇಳುತ್ತದೆ. ‘ಹಾಕು’ ಎಂದು ಕೂಗಿ ಬೆರಳು ಕೆಳಗೆ ತೋರಿಸಿದರೆ ಬಟ್ಟೆ ಹಾಕು, ಬೆರಳು ಉಜ್ಜಿದರೆ ಸೋಪು ಹಾಕು, ಕತ್ತು ಬಾಗಿಲ ಕಡೆ ಹೊರಳಿಸಿದರೆ ಹರಟೆಗೆ ಬೀಗ ಹಾಕು, ಮ್ಯಾನೇಜರ್ ಬರುತ್ತಿದ್ದಾನೆ ಎಂದರ್ಥ.

ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ಲಾಂಡ್ರಿಗೆ ಅವಳೇ ಹಿರಿಯಳು. ನನ್ನನ್ನು ಅಲ್ಲಿಗೆ ಸೇರಿಸಿದವಳೂ ಅವಳೇ, ಸೇರಿಸಿದ ಮೊದಲ ದಿನವೇ ಎಲ್ಲರೆದುರು ಬೈದವಳೂ ಅವಳೇ. ನನಗೂ ಮೂಗಿನ ತುದಿಯಲ್ಲೇ ಕೋಪ. ಆದರೆ ಅವಳ ಮುಂದೆ ನನ್ನ ಬೇಳೆ ಬೇಯುವುದಿಲ್ಲ.

ಹೋಟೆಲು ಮಾರಾಟವಾಯಿತು. ಹೊಸ ಯಜಮಾನಿ ಹೊರದೇಶದವಳಂತೆ, ಮುಂದಿನ ವಾರ ಬರುತ್ತಾಳಂತೆ, ಲಾಂಡ್ರಿ ಮುಚ್ಚಿ ಬಟ್ಟೆಯನ್ನೆಲ್ಲ ಹೊರಗಿನ ಕಂಪನಿಗೆ ಕೊಡುತ್ತಾಳಂತೆ ಎಂದು ಮೇಲಿನ ಮಹಡಿಗಳಿಂದ ಸುದ್ದಿ ಇಳಿದು ಬಂತು. ಸುಳ್ಳಿರಬಹುದು ಎಂದುಕೊಂಡೆವು. ಅಷ್ಟರಲ್ಲಿ ಆ ಕಂಪನಿ ಒಗೆದ ಬೆಡ್‌ಶೀಟುಗಳ ಕಟ್ಟೊಂದು ನಮೂನೆಗೆಂದು ನಮ್ಮ ಮೇಜಿನ ಮೇಲೇ ಬಂದು ಕೂತಿತು. ನಮ್ಮೆಲ್ಲರ ಹೊಟ್ಟೆಪಾಡು ಆ ನೆಲಮಾಳಿಗೆಯಲ್ಲಿತ್ತು. ಅಂದು ಯಾರೂ ಸರಿಯಾಗಿ ಊಟ ಮಾಡಲಿಲ್ಲ.

“ಆ ಯಮ್ಮನ ಹತ್ರ ನಾನೇ ಮಾತಾಡ್ತೀನಿ,” ಎಂದಳು ದೊಡ್ಡಮ್ಮ.

“ಯಾವ ಭಾಷೇಲಿ?” ಎಂದೆ ನಾನು.

“ಇಂಗ್ಲಿಷಲ್ಲಿ.”

ನಾನು ನಕ್ಕೆ. ನಗಬಾರದಿತ್ತು, ನಕ್ಕೆ.

“ಮ್ಯಾನೇಜರ್ ಇದಾರಲ್ಲ, ಅವರು ಹೇಳ್ತಾರೆ ಬಿಡು,” ಎಂದೆ.

“ಅವರು ಹೇಳಿದ ಹಾಗೇ ಇದೆ. ಹೋದ್ಸಲ ಮೋರಿ ಕಟ್ಟಿಕೊಂಡು ನೀರೆಲ್ಲ ಒಳಗೆ ಬಂದಾಗ ನಾನು ಕನ್ನಡ ಬಾರದ ಹಳೇ ಯಜಮಾನರ ಮುಂದೆ ನಮ್ಮ ಕಷ್ಟಾನೆಲ್ಲ ತೋಡಿಕೊಂಡೆ. ಈ ಪುಣ್ಯಾತ್ಮ ಏನಂದ್ರು ಗೊತ್ತಾ? ‘ಪ್ರಾಬ್ಲಮ್ ಸಾರ್.’ ಅಷ್ಟೇ. ನನ್ನ ಅಷ್ಟುದ್ದ ಗೋಳು ಎಲ್ಲಿ ಹೋಯ್ತು ಕಣೇ?”

ಮ್ಯಾನೇಜರ್ ಕೆಟ್ಟವನಲ್ಲ. ಮೆತ್ತಗಿನ ಮನುಷ್ಯ, ದನಿ ಇನ್ನೂ ಮೆತ್ತಗೆ, ಯಾರೊಡನೆಯೂ ಎರಡು ಮಾತು ಹೆಚ್ಚಿಗೆ ಆಡುವ ಜಾಯಮಾನ ಅವನದಲ್ಲ. ಆದರೆ ನಮಗೆ ಆಗ ಬೇಕಿದ್ದದ್ದು ಬಾಯಿ.

ಗುರು ಸಿಕ್ಕಿದ್ದು ಮೇಲಿನ ಮಹಡಿಯಲ್ಲಿ. ಹೋಟೆಲಿನ ಟೆಲಿಫೋನ್ ಆಪರೇಟರನ್ನು ಎಲ್ಲರೂ ಕರೆಯುವುದು ಫೋನಣ್ಣ ಎಂದು. ಈಗ ಗಿರಾಕಿಗಳ ಕೈಯಲ್ಲೇ ಮೊಬೈಲು, ಅವನ ಮುಂದಿನ ಫೋನು ಧೂಳು ತಿನ್ನುತ್ತಿತ್ತು. ಕರೆದದ್ದೇ ತಡ, ಊಟದ ಹೊತ್ತಿಗೆ ಕೂದಲು ಬಾಚಿಕೊಂಡು ಇಳಿದು ಬಂದ. ನಮ್ಮ ಮೆಷಿನ್ನುಗಳಿಗೆ ಊಟದ ವಿರಾಮ ಎಂಬುದಿಲ್ಲ, ಸರದಿಯ ಮೇಲೆ ಯಾರಾದರೂ ನಡೆಸುತ್ತಲೇ ಇರುತ್ತೇವೆ. ಜೀವನವೆಲ್ಲ ರಿಸೀವರಿನೊಳಗೆ ಪಿಸುಗುಟ್ಟಿದ್ದ ಫೋನಣ್ಣ, ಬಂದ ದಿನದಿಂದಲೇ ಗಂಟಲು ಹರಿಯುವಂತೆ ಕೂಗಿ ಪಾಠ ಮಾಡಬೇಕಾಯಿತು.

“ಅಕ್ಕಾ, ಒಂದು ವಾರದಲ್ಲಿ ಇಂಗ್ಲಿಷ್ ಪೂರ್ತಿ ಆಗೋ ಮಾತಲ್ಲ. ನಿಮಗೆ ಒಂದೇ ಒಂದು ಪದ ಕೊಡ್ತೀನಿ. ಟೇಕ್. ಟೇಕ್ ಅಂದ್ರೆ ತಗೋ. ಇಂಗ್ಲಿಷಿನವರು ಅದೊಂದರಲ್ಲೇ ಅರ್ಧ ಸಂಸಾರ ಮಾಡ್ತಾರೆ.”

“ತಗೊಳ್ಳೋದರಲ್ಲಿ ಅವರು ಮೊದಲಿಂದಾನೂ ಮುಂದೆ,” ಎಂದಳು ದೊಡ್ಡಮ್ಮ.

ಪಾಠ ಶುರುವಾಯಿತು. ಟೇಕ್ ಎ ಸೀಟ್ ಎಂದರೆ ಕೂತ್ಕೊಳ್ಳಿ. “ಏಳುವಾಗ ವಾಪಸ್ ಕೊಡಬೇಕಾ?” ಎಂದು ನಾನು ಕೇಳಿದೆ. ಟೇಕ್ ಎ ಬಾತ್ ಎಂದರೆ ಸ್ನಾನ, ಟೇಕ್ ಎ ನ್ಯಾಪ್ ಎಂದರೆ ಸಣ್ಣ ನಿದ್ದೆ. ವಿಮಾನ ಮೇಲೆದ್ದರೂ ಟೇಕ್ ಆಫ್, ಅಂಗಿ ಕಳಚಿದರೂ ಟೇಕ್ ಆಫ್. ಹುಡುಗಿ ಥೇಟು ಅಮ್ಮನ ಹಾಗೇ ಇದ್ದರೆ ಟೇಕ್ ಆಫ್ಟರ್. ತಲೆ ಕೆಡಿಸಿಕೊಳ್ಳಬೇಡ ಎನ್ನುವುದಕ್ಕೆ ಟೇಕ್ ಇಟ್ ಈಸಿ. ಇನ್ನು ಯಾರನ್ನಾದರೂ ‘ಫಾರ್ ಎ ರೈಡ್’ ಟೇಕ್ ಮಾಡಿದರೆ ಅದು ಸವಾರಿ ಅಲ್ಲ, ಟೋಪಿ ಹಾಕುವುದು.

“ಇದೇನು ಹುಚ್ಚು ಭಾಷೆ,” ಎಂದೆ ನಾನು. “ಒಂದಕ್ಕೊಂದು ಸಂಬಂಧಾನೇ ಇಲ್ಲ.”

ದೊಡ್ಡಮ್ಮ ದಿಂಬಿನ ಕವರು ಮಡಿಚುತ್ತಲೇ ನನ್ನನ್ನು ನೋಡಿದಳು. “ನಮ್ಮದೇನು ಕಮ್ಮಿ? ಈಗ ಹೊಡಿ ಅನ್ನೋದನ್ನೇ ತಗೋ. ನೀನು ಕೆಲಸದ ಹೊತ್ತಲ್ಲಿ ನಿದ್ದೆ ಹೊಡೀತೀಯ. ಎದ್ದು ಹರಟೆ ಹೊಡೀತೀಯ. ನಿನ್ನ ಗಂಡ ಗೋಡೆಗೆ ಬಣ್ಣ ಹೊಡೀತಾನೆ. ಮದುವೆಗೆ ಮುಂಚೆ ನಿನಗೆ ಕಣ್ಣು ಹೊಡೀತಿದ್ದ. ಇಷ್ಟೆಲ್ಲ ಹೊಡೆದರೂ ಯಾರಿಗಾದರೂ ಒಂದು ಏಟು ಬಿತ್ತಾ?”

ರೋಲರಿನ ಹತ್ತಿರ ನಿಂತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಕಣ್ಣು ಹೊಡೆದ ವಿಷಯ ಅವಳಿಗೆ ಹೇಗೆ ಗೊತ್ತಾಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಇಡೀ ಲಾಂಡ್ರಿಗೆ ಟೇಕಿನ ಗೀಳು ಹಿಡಿಯಿತು. ಸೋಪು ಕೇಳಿದರೆ ಟೇಕ್, ಬಕೆಟ್ಟು ಕೊಟ್ಟರೆ ಟೇಕ್. ನಾನು ಮನೆಗೆ ಹೋಗಿ ಗಂಡನಿಗೆ “ಟೇಕ್ ಎ ಬಾತ್” ಎಂದೆ. ಅವನು ಮರುಮಾತಾಡದೆ ಬಚ್ಚಲಿಗೆ ಹೋದ, ಮದುವೆಯಾದಮೇಲೆ ಅದೇ ಮೊದಲು. ದೊಡ್ಡಮ್ಮ ಮಾತ್ರ ಆಟಕ್ಕೆ ಕಲಿಯುತ್ತಿರಲಿಲ್ಲ. ಕೆಲಸ ಮಾಡುತ್ತಲೇ, ಡ್ರಮ್ಮಿನ ಸದ್ದಿನ ಮೇಲೆ ದನಿ ಏರಿಸಿ, “ಟೇಕ್ ಎ ಸೀಟ್, ಟೇಕ್ ಎ ಲುಕ್, ಟೇಕ್ ಯುವರ್ ಟೈಮ್” ಎಂದು ಕೈಸನ್ನೆಯ ಸಮೇತ ಬಾಯಿಪಾಠ ಮಾಡುತ್ತಿದ್ದಳು. ಕೊನೆಗೆ ತಾನೇ ಕೇಳಿ ಕಲಿತದ್ದು ಒಂದಿತ್ತು, ನಮ್ಮಿಂದ ಇದನ್ನು ಕಿತ್ತುಕೊಳ್ಳಬೇಡಿ ಎನ್ನುವುದಕ್ಕೆ: ಡೋಂಟ್ ಟೇಕ್. ಅದನ್ನು ಹೇಳುವಾಗ ಅವಳ ಮುಖ ನೋಡಲು ನನಗೆ ಧೈರ್ಯವಾಗುತ್ತಿರಲಿಲ್ಲ.

ಯಜಮಾನಿ ಬಂದ ದಿನ ನಾವೆಲ್ಲ ಒಗೆದ ಅಂಗಿ ತೊಟ್ಟು ಸಾಲಾಗಿ ನಿಂತೆವು. ಬಾಗಿಲಲ್ಲಿ ಕಾಲಿನ ಸಪ್ಪಳವಾಗುತ್ತಲೇ ದೊಡ್ಡಮ್ಮ ಕೈ ಎತ್ತಿದಳು. ದೊಡ್ಡವರು ಬಂದಾಗ ಗದ್ದಲವಿರಬಾರದು, ಆಡಿದ ಮಾತು ಚೆನ್ನಾಗಿ ಕೇಳಿಸಬೇಕು ಎಂದು ಅವಳ ಲೆಕ್ಕ. ನಾವು ಮೆಷಿನ್ನುಗಳನ್ನೆಲ್ಲ ನಿಲ್ಲಿಸಿದೆವು.

ಅದೇ ನಾವು ಮಾಡಿದ ಎಡವಟ್ಟು.

ಆ ಕೋಣೆಯಲ್ಲಿ ಅಷ್ಟು ಮೌನವನ್ನು ನಾವು ಯಾರೂ ಕೇಳಿರಲಿಲ್ಲ. ನಲ್ಲಿಯಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು. ಯಜಮಾನಿ ಮುಂದೆ ನಿಂತಳು. ನಡುವಯಸ್ಸಿನ ಎತ್ತರದ ಹೆಂಗಸು, ನೋಡಲು ಬಿಗುಮಾನದವಳೇನಲ್ಲ. ದೊಡ್ಡಮ್ಮ ಬಾಯಿ ತೆರೆದಳು. ಏನೂ ಬರಲಿಲ್ಲ. ಮತ್ತೆ ತೆರೆದಳು. ಮಾತು ಕಲಿತದ್ದು ಗದ್ದಲದಲ್ಲಿ, ಗದ್ದಲ ನಿಂತದ್ದೇ ಮಾತೂ ನಿಂತುಹೋಗಿತ್ತು. ಮ್ಯಾನೇಜರ್ ಗಡಿಯಾರ ನೋಡಿಕೊಂಡು ಯಜಮಾನಿಯ ಕಿವಿಯಲ್ಲಿ ಏನೋ ಹೇಳಿದ. ಆಕೆ ತಲೆಯಾಡಿಸಿ ಬಾಗಿಲ ಕಡೆ ತಿರುಗಿದಳು.

ದೊಡ್ಡಮ್ಮ ನನ್ನತ್ತ ನೋಡಿ, “ಹಾಕು,” ಎಂದಳು. ಕೈಯನ್ನು ಗಾಳಿಯಲ್ಲಿ ಗಿರ್ರನೆ ತಿರುಗಿಸಿದಳು. ನಾನು ಒಂದೇ ನೆಗೆತಕ್ಕೆ ಹೋಗಿ ಎಲ್ಲ ಸ್ವಿಚ್ಚುಗಳನ್ನೂ ಒತ್ತಿದೆ.

ಡ್ರಮ್ಮುಗಳು ಗುಡುಗಿದವು. ರೋಲರ್ ನರಳಿತು. ಯಜಮಾನಿ ಬೆಚ್ಚಿ ತಿರುಗಿದಳು. ಮ್ಯಾನೇಜರ್ ಏನೋ ಹೇಳುತ್ತಿದ್ದ, ತುಟಿ ಆಡುವುದು ಮಾತ್ರ ಕಾಣುತ್ತಿತ್ತು. ಆ ಸದ್ದಿನ ನಡುವೆ ನಮ್ಮ ದೊಡ್ಡಮ್ಮನ ದನಿ ಎದ್ದಿತು.

“ಟೇಕ್ ಎ ಲುಕ್.”

ಕಂಪನಿಯ ಬೆಡ್‌ಶೀಟನ್ನು ಎತ್ತಿ ಆಕೆಯ ಒಂದು ಕೈಗೆ ಕೊಟ್ಟಳು. “ಟೇಕ್.” ನಮ್ಮದನ್ನು ಇನ್ನೊಂದು ಕೈಗೆ ಕೊಟ್ಟಳು. “ಟೇಕ್.” ಕೆನ್ನೆ ತಟ್ಟಿ ತೋರಿಸಿದಳು. ಯಜಮಾನಿ ಎರಡನ್ನೂ ಕೆನ್ನೆಗೆ ಒತ್ತಿಕೊಂಡಳು. ಕಂಪನಿಯದು ರಟ್ಟಿನ ಹಾಗಿತ್ತು, ಔಷಧಿಯ ವಾಸನೆ ಬೇರೆ. ಅದನ್ನು ಮೇಜಿನ ಮೇಲಿಟ್ಟಳು, ನಮ್ಮದನ್ನು ಇಡಲಿಲ್ಲ. ದೊಡ್ಡಮ್ಮ ಅದರ ಅಂಚು ಹಿಡಿದು, ಎಲ್ಲೋ ಹರಿದಿದ್ದನ್ನು ಹೊಲಿದಿದ್ದೇವೆ, ಎಲ್ಲಿ ಹುಡುಕು ಎಂದು ಸೂಜಿಯ ಸನ್ನೆ ಮಾಡಿದಳು. “ಟೇಕ್ ಯುವರ್ ಟೈಮ್.” ಆಕೆ ಕನ್ನಡಕ ಹಾಕಿಕೊಂಡು ಹುಡುಕಿಯೇ ಹುಡುಕಿದಳು. ಸಿಗಲಿಲ್ಲ. ದೊಡ್ಡಮ್ಮ ಬೆರಳಿಟ್ಟು ತೋರಿಸಿದಾಗ ಆಕೆಯ ಹುಬ್ಬು ಮೇಲೇರಿತು.

ಆಮೇಲೆ ನಮ್ಮ ದೊಡ್ಡಮ್ಮ ಮಾಡಿದ್ದನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ. ರೋಲರಿನಿಂದ ಬಿಸಿಬಿಸಿಯಾಗಿ ಹೊರಬಂದ ಡಬಲ್ ಬೆಡ್‌ಶೀಟಿನ ಎರಡು ತುದಿಗಳನ್ನು ಹೋಟೆಲಿನ ಯಜಮಾನಿಯ ಕೈಗೆ ಕೊಟ್ಟು “ಟೇಕ್” ಎಂದಳು. ಇನ್ನೆರಡು ತುದಿ ತಾನು ಹಿಡಿದು ಹಿಂದೆ ಸರಿದಳು. ಎಳೆದರು, ಕೊಡವಿದರು, ಎದುರುಬದುರಾಗಿ ನಡೆದು ಬಂದು ಅಂಚಿಗೆ ಅಂಚು ಸೇರಿಸಿದರು. ಯಜಮಾನಿಯ ಮಡಿಕೆ ಸೊಟ್ಟಗಾಯಿತು. ದೊಡ್ಡಮ್ಮ, ಮೊದಲ ದಿನ ನನಗೆ ಮಾಡಿದಂತೆಯೇ, ಆಕೆಯ ಮೊಣಕೈಗೆ ಫಟ್ಟೆಂದು ಒಂದು ಕೊಟ್ಟು ಮೇಲೆತ್ತಿಸಿದಳು. ಮ್ಯಾನೇಜರ್ ಕಣ್ಣು ಮುಚ್ಚಿಕೊಂಡ. ಯಜಮಾನಿ ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಅವಳೇ ಮುಂದಾಗಿ ಇನ್ನೊಂದು ಬೆಡ್‌ಶೀಟಿನ ತುದಿ ಹಿಡಿದಳು.

ಅದನ್ನು ಮಡಿಚಿ ಮುಗಿಸಿದಾಗ ಇಬ್ಬರೂ ಎದುರೆದುರು ನಿಂತಿದ್ದರು, ನಡುವೆ ಬಿಸಿ ಬಟ್ಟೆ. ದೊಡ್ಡಮ್ಮ ಮೆಷಿನ್ನುಗಳ ಮೇಲೆ, ನಮ್ಮೆಲ್ಲರ ಮೇಲೆ, ಒಂದು ಸುತ್ತು ಕೈಯಾಡಿಸಿದಳು.

“ಡೋಂಟ್ ಟೇಕ್,” ಎಂದಳು.

ಯಜಮಾನಿಯ ನಗು ನಿಂತಿತು. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಮ್ಯಾನೇಜರನ್ನು ಹತ್ತಿರ ಕರೆದು ಬಹಳ ಹೊತ್ತು ಮಾತಾಡಿದಳು. ಅವನು ನಮ್ಮ ಕಡೆ ತಿರುಗಿ, ಜನ್ಮದಲ್ಲಿ ಮೊದಲ ಸಲ ಕೂಗಿದ.

“ಬಟ್ಟೆ ಹೊರಗೆ ಹೋಗಲ್ಲ. ಕಂಪನಿಯವರಿಗೆ ಇವತ್ತೇ ಬೇಡ ಅಂತ ಹೇಳಿಬಿಡ್ತಾರಂತೆ. ಲಾಂಡ್ರಿ ಇರುತ್ತೆ. ನಿಮಗೆ ಏನು ಬೇಕೋ ಕೇಳಿ ಅಂತಿದಾರೆ.”

ಆ ಖುಷಿಯಲ್ಲೂ ನನಗೆ ಬುದ್ಧಿ ಕೈಕೊಡಲಿಲ್ಲ. ಬೇಸಿಗೆಯಲ್ಲಿ ಆ ನೆಲಮಾಳಿಗೆ ಒಲೆಯಾಗುತ್ತದೆ. ಯಜಮಾನಿಯ ಬೆನ್ನ ಹಿಂದೆ ನಿಂತು, ಬೆರಳನ್ನು ತಲೆಯ ಮೇಲೆ ಗಿರಗಿರ ತಿರುಗಿಸಿ ‘ಫ್ಯಾನು, ಫ್ಯಾನು ಕೇಳು’ ಎಂದು ಸನ್ನೆ ಮಾಡಿದೆ. ಉಳಿದವರೂ ತಿರುಗಿಸಿದರು. ದೊಡ್ಡಮ್ಮನಿಗೆ ಕಾಣಿಸಿತು. ಕಂಡೂ ಕಾಣದವಳಂತೆ ಇದ್ದಳು.

“ನಾಳೆ ಬೆಳಗ್ಗೆ ನಾವೆಲ್ಲ ಕೆಲಸಕ್ಕೆ ಬರಬೇಕು, ಅಷ್ಟೇ,” ಎಂದಳು ಕನ್ನಡದಲ್ಲಿ.

ಮ್ಯಾನೇಜರ್ ಅದನ್ನು ಹೇಳಲು ಹೊರಟ. ದೊಡ್ಡಮ್ಮ ಅವನ ಮುಂದೆ ಕೈ ಅಡ್ಡ ಹಿಡಿದಳು. ಫೋನಣ್ಣ ಕಲಿಸಿರದ ಪದಗಳನ್ನು ಎಲ್ಲಿಂದಲೋ ಹುಡುಕಿ ತಂದಳು.

“ಟುಮಾರೋ,” ಎಂದಳು. “ಐ ಕಮ್. ಆಲ್ ಕಮ್.”

“ಕಮ್,” ಎಂದು ಯಜಮಾನಿಯೂ ಕೂಗಿದಳು. ಅವಳ ಗಂಟಲೂ ಪರವಾಗಿಲ್ಲ ಅನ್ನುವಷ್ಟಿತ್ತು. ಕಣ್ಣು ಒರೆಸಿಕೊಂಡದ್ದು ಬೆವರಿಗೋ ಏನೋ ಗೊತ್ತಾಗಲಿಲ್ಲ.

ದೊಡ್ಡಮ್ಮನ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಕೇಳಿದ್ದರೆ ಫ್ಯಾನು ಸಿಗುತ್ತಿತ್ತು. ಕೋಪ ಮಾಡಿಕೊಂಡೇ ಅವಳನ್ನು ತಬ್ಬಿಕೊಂಡೆ, ತಬ್ಬಿಕೊಂಡೇ ಅತ್ತೆ. ಮಾರನೆಯ ಬೆಳಗ್ಗೆ ಎಲ್ಲರೂ ಕೆಲಸಕ್ಕೆ ಹೋದೆವು. ಒಳಗೆ ಸೆಕೆಯೋ ಸೆಕೆ. ನಾನು ಬೆವರು ಒರೆಸಿಕೊಳ್ಳುತ್ತ, ಅವಳನ್ನು ಬೈಯುತ್ತ, ನಗುತ್ತ, ರೋಲರಿಗೆ ಮೊದಲ ಬೆಡ್‌ಶೀಟು ಕೊಟ್ಟೆ.