ಬಲರೆಕ್ಕೆಯ ನೀಲಿ ಪೆಟ್ರೋಲ್

ಪಿರಿಯಾಪಟ್ಟಣದಿಂದ ಬೈಲಕುಪ್ಪೆಗೆ ಹೋಗುವ ದಾರಿ ಪಕ್ಕದ ಕುಳ್ಳಮ್ಮನ ಹೊಲಕ್ಕೆ ಆ ಪುಟ್ಟ ವಿಮಾನ ಬಂದು ಬಿದ್ದು ಇವತ್ತಿಗೆ ಹನ್ನೆರಡು ದಿನ. ಅವತ್ತಿನಿಂದ ಅವಳಿಗೆ ಅನ್ನ ಸೇರಿಲ್ಲ. ವಿಮಾನ ನೋಡಲು ಬಂದವರು ಹೊಗೆಸೊಪ್ಪಿನ ಗಿಡ ತುಳಿದು ಹಾಕಿದ್ದಕ್ಕೆ ಕೊರಗುತ್ತಿದ್ದಾಳೆ ಅಂದುಕೊಂಡರು ಊರವರು. ಬೇಲಿ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿದ್ದ ಮೂರು ಕ್ಯಾನುಗಳ ವಿಷಯ ಅವರಿಗೇನು ಗೊತ್ತು.

ಅವತ್ತು ಮಧ್ಯಾಹ್ನ ಅವಳು ಹೊಗೆಸೊಪ್ಪು ಬೇಯಿಸುವ ಗೂಡು, ಬ್ಯಾರನ್ನಿನ ಒಲೆಗೆ ಸೌದೆ ತುರುಕುತ್ತಿದ್ದಳು. ತಲೆಯ ಮೇಲೆ ಗುಂಯ್‌ಗುಡುತ್ತಿದ್ದ ಸದ್ದು ತಟ್ಟನೆ ನಿಂತಿತು. ತಿರುಗಿ ನೋಡುವಷ್ಟರಲ್ಲಿ ವಿಮಾನ ಗಿಡಗಳನ್ನು ಸವರಿಕೊಂಡು ಬಂದು ಬದುವಿಗೆ ಮೂತಿ ಗುದ್ದಿತ್ತು. ಒಳಗಿದ್ದವಳು ಒಬ್ಬಳೇ, ಇಪ್ಪತ್ತೆರಡರ ಹುಡುಗಿ ಗೌತಮಿ. ಎಡಗೈ ಮುರಿದಿತ್ತು. ಪೆಟ್ರೋಲ್ ಇತ್ತು, ಇಂಜಿನ್ ಯಾಕೆ ನಿಂತಿತೋ ಎಂದು ಆಂಬುಲೆನ್ಸ್ ಹತ್ತುವವರೆಗೂ ಅದೊಂದನ್ನೇ ಬಡಬಡಿಸಿದಳು.

ಜನವೆಲ್ಲ ಆಂಬುಲೆನ್ಸಿನ ಹಿಂದೆ ರಸ್ತೆಗೆ ಓಡಿತು. ಕುಳ್ಳಮ್ಮನ ಕಣ್ಣು ಮಾತ್ರ ನೆಲಕ್ಕೆ ವಾಲಿದ ಬಲರೆಕ್ಕೆಯ ಮೇಲಿತ್ತು. ಸಡಿಲಗೊಂಡ ಮುಚ್ಚಳದ ಸಂದಿಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಇಪ್ಪತ್ತು ಹೆಜ್ಜೆಯಾಚೆ ಒಲೆ ಧಗಧಗಿಸುತ್ತಿತ್ತು. ಬೆಂಕಿ ಆರಿಸಿದರೆ ಅರ್ಧ ಬೆಂದ ಸೊಪ್ಪು ಹಾಳು. ಆರಿಸದಿದ್ದರೆ ಬ್ಯಾರನ್ನೂ ಇಲ್ಲ, ತಾನೂ ಇಲ್ಲ. ಔಷಧಿ ಹೊಡೆಯುವ ಪೈಪು ತಂದು, ಮುಚ್ಚಳ ತೆಗೆದು, ಬಾಯಲ್ಲಿ ಎಳೆದು ಬಿಟ್ಟಳು. ಮೂರು ಕ್ಯಾನ್ ತುಂಬಿತು. ಅಂಥ ತಿಳಿ ನೀಲಿ ಪೆಟ್ರೋಲನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಸ್ಟೂಲ್ ಹತ್ತಿ ಎಡರೆಕ್ಕೆಯ ಟ್ಯಾಂಕಿಗೂ ಸೊಪ್ಪು ಕಟ್ಟುವ ಕಡ್ಡಿ ಇಳಿಬಿಟ್ಟಳು. ಕಡ್ಡಿಯ ತುದಿ ನೆನೆಯದೆ ಹಾಗೇ ಮೇಲೆ ಬಂತು. ಸದ್ಯ, ಕೆಲಸ ಉಳಿಯಿತು ಅಂದುಕೊಂಡಳು.

ಸಂಜೆ ಗಂಡ ಮಹದೇವಪ್ಪ ಕ್ಯಾನ್ ಕಂಡು ತಲೆಯ ಮೇಲೆ ಕೈ ಹೊತ್ತ. ವಿಮಾನ ಮುಟ್ಟಿದ್ದು ಗೊತ್ತಾದರೆ ಕಳ್ಳತನದ ಕೇಸು ಜಡಿಯುತ್ತಾರೆ, ಉಸಿರೆತ್ತಬೇಡ ಎಂದ. ಅವನ ಧೈರ್ಯ ಎಂದೂ ಹೊಸಿಲು ದಾಟಿದ್ದಲ್ಲ. ಮಾರನೆಯ ದಿನ ತನಿಖೆಯ ಸಾಹೇಬರು ಬಂದು ಎರಡೂ ಟ್ಯಾಂಕು ಖಾಲಿ ಎಂದು ಬರೆದುಕೊಂಡಾಗ ಕುಳ್ಳಮ್ಮನೂ ಸುಮ್ಮನಿದ್ದಳು. ಆಮೇಲೆ ಎಲ್ಲರ ಬಾಯಲ್ಲೂ ಅದೇ ಮಾತು: ಪೆಟ್ರೋಲ್ ಹಾಕಿಸದೆ ಹಾರಿದಳಂತೆ, ಸುಳ್ಳು ಬೇರೆ ಹೇಳಿದಳಂತೆ, ಲೈಸೆನ್ಸು ಹೋದಂತೆಯೇ ಅಂತೆ. ಅದು ಕಿವಿಗೆ ಬಿದ್ದಾಗಲೆಲ್ಲ ಕುಳ್ಳಮ್ಮನಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.

ಇವತ್ತು ಸಾಹೇಬರು ಕೊನೆಯ ಸಲ ಹೇಳಿಕೆ ಪಡೆಯಲು ಬಂದಿದ್ದರು, ಜೊತೆಗೆ ಗೌತಮಿ. ಜಗಲಿಯ ಮೇಲೆ ಕೂತ ಆ ಹುಡುಗಿ ಮಜ್ಜಿಗೆಯ ಲೋಟವನ್ನೂ ಮುಟ್ಟಲಿಲ್ಲ. ಕುಳ್ಳಮ್ಮನಿಂದ ನೋಡಲಾಗಲಿಲ್ಲ. ಗಂಡನ ಕಣ್ಸನ್ನೆಗೆ ಬೆನ್ನು ಹಾಕಿ ಹೋದವಳು ಒಂದು ಕ್ಯಾನ್ ಹೊತ್ತು ತಂದಳು.

"ಈ ಮಗ ಸುಳ್ಳೇಳ್ಲಿಲ್ಲ ಸಾಮಿ. ಪೆಟ್ರೋಲ್ ಇತ್ತು. ಬ್ಯಾರನ್ ಬೆಂಕಿಗೆ ಎದ್ರಿ ನಾನೇ ತಗ್ದೆ. ಇನ್ನೂ ಎಲ್ಡ್ ಕ್ಯಾನ್ ಐತೆ. ಏನ್ ಮಾಡೋದಿದ್ರೂ ನಂಗೆ ಮಾಡಿ."

ನೀಲಿ ಬಣ್ಣ ಕಂಡು ಗೌತಮಿ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಕುಳ್ಳಮ್ಮನ ಎದೆ ಹಗುರಾಯಿತು. ಸಾಹೇಬರು ಬೈಯಲಿಲ್ಲ. ಎರಡೂ ರೆಕ್ಕೆಯಿಂದ ತೆಗೆದಿರಾ ಅಮ್ಮ ಎಂದು ಮೆಲ್ಲಗೆ ಕೇಳಿದರು.

"ಇಲ್ಲ ಸಾಮಿ, ಎಲ್ಲಾ ಬಲಗಡೇದು. ಎಡಗಡೇಕೆ ಕಡ್ಡಿ ಬುಟ್ಟು ನೋಡ್ದೆ, ಒಂದ್ ತೊಟ್ಟೂ ಇರ್ಲಿಲ್ಲ."

ಗೌತಮಿಯ ಅಳು ನಿಂತುಹೋಯಿತು. ಸಾಹೇಬರು ಫೋನಿನಲ್ಲಿ ಒಂದು ಫೋಟೋ ಹುಡುಕಿ ತೋರಿಸಿದರು. ವಿಮಾನದೊಳಗಿನ ಒಂದು ತಿರುಗಣೆ. ಅದರ ಮುಳ್ಳು ಎಡಕ್ಕಿತ್ತು. ಇಂಜಿನ್ನಿಗೆ ಯಾವ ರೆಕ್ಕೆಯ ಪೆಟ್ರೋಲ್ ಹೋಗಬೇಕೆಂದು ಅದರಲ್ಲೇ ತಿರುಗಿಸಬೇಕಂತೆ, ಒಂದು ಮುಗಿಯುವ ಮುಂಚೆ ಇನ್ನೊಂದಕ್ಕೆ.

ಕುಳ್ಳಮ್ಮನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವಳ ಹೊಲದಲ್ಲೂ ಎರಡು ತೊಟ್ಟಿ, ಒಂದು ಮೋಟಾರು, ನಡುವೆ ಒಂದು ವಾಲ್. ಹೋದ ಬೇಸಿಗೆಯಲ್ಲಿ ಒಂದು ತೊಟ್ಟಿ ತುಂಬಿ ತುಳುಕುತ್ತಿದ್ದರೂ, ಇನ್ನೊಂದು ಬರಿದಾದಾಗ ವಾಲ್ ತಿರುಗಿಸಲು ಮರೆತು ಮೋಟಾರು ಸುಟ್ಟಿದ್ದಳು, ತಪ್ಪನ್ನು ಕರೆಂಟಿನವರ ಮೇಲೆ ಹಾಕಿದ್ದಳು. ಹಾಗೆಯೇ ಮರೆತ ಈ ಹುಡುಗಿಗೆ ತಪ್ಪು ಹೊರಿಸಲು ಯಾರೂ ಇರಲಿಲ್ಲ. ಉಳಿಸಲು ಹೋಗಿ ತಾನೇ ಮುಳುಗಿಸಿದೆನಲ್ಲ ಎಂದುಕೊಂಡಳು ಕುಳ್ಳಮ್ಮ.

ಗೌತಮಿಯ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. "ತಪ್ಪಾಯ್ತು ಕಣವ್ವ."

"ಇಲ್ಲಮ್ಮ. ಯಾಕೆ ನಿಂತಿತು ಅಂತ ಗೊತ್ತಾಗದೆ ನಿದ್ದೆನೇ ಬಂದಿರಲಿಲ್ಲ. ಈಗ ಗೊತ್ತಾಯ್ತಲ್ಲ."

ಸಾಹೇಬರು ಬರೆಯತೊಡಗಿದರು. ಗೌತಮಿಯ ಬಲಗೈ ಮಡಿಲಲ್ಲಿ ಇಲ್ಲದ ತಿರುಗಣೆಯೊಂದನ್ನು ಬಲಕ್ಕೆ ತಿರುಗಿಸುತ್ತಿತ್ತು, ಮತ್ತೆ ಬಲಕ್ಕೆ.